ಮುಕ್ತ ತಂತ್ರಾಂಶದ ಪಾಕ ಮತ್ತು ವ್ಯವಹಾರದ ಭಾರ

ಗಣಕಯಂತ್ರವು ಒಂದು ಕಾಲಕ್ಕೆ ದೊಡ್ಡ ಕಾರ್ಖಾನೆಗಳಿಗೂ ಸರಕಾರದ ಕಚೇರಿಗಳಿಗೂ ಮೀಸಲಾಗಿದ್ದ ಸಾಧನ. ಇಂದು ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ಅಡತಿ ಅಂಗಡಿಯ ಆವಕ, ಸಹಕಾರಿ ಸಂಘದ ಖಾತೆ, ಶಾಲೆಯ ಶುಲ್ಕದ ರಸೀದಿ ಇವೆಲ್ಲವೂ ಅದರ ವಶಕ್ಕೆ ಬಂದಿವೆ. ಆ ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ವಿಧಿಸುವ ಆದೇಶಗಳ ಸಮುಚ್ಚಯವೇ ತಂತ್ರಾಂಶ. ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಜೊತೆಗೆ, ಯಾರು ಬೇಕಾದರೂ ಪಡೆದು ಬಳಸಬಹುದಾದ ಮುಕ್ತ ತಂತ್ರಾಂಶಗಳೂ ಈಗ ಅಸಂಖ್ಯಾತವಾಗಿ ದೊರೆಯುತ್ತಿವೆ. ಈ ಶಾಲೆಯಲ್ಲಿ ಕಲಿತುಹೋದ ಅನೇಕರು ಸ್ವಂತ ಉದ್ಯಮ ನಡೆಸುತ್ತಿದ್ದಾರೆ. ಸಂಸ್ಥೆಗೆ ಆಸರೆಯಾಗಿರುವ ದಾನಿಗಳಲ್ಲಿಯೂ ವರ್ತಕರು ಬಹುಮಂದಿ. ಇನ್ನೂ ಬಲಿಯದ ಮುಕ್ತ ತಂತ್ರಾಂಶವೊಂದರ ಮೇಲೆ ವ್ಯವಹಾರದ ಭಾರವನ್ನೆಲ್ಲ ಹೊರಿಸಬಹುದೇ ಎಂಬ ಪ್ರಶ್ನೆ ಇವರ ಮುಂದೆ ಇಂದಲ್ಲ ನಾಳೆ ಬರತಕ್ಕದ್ದು. ಅದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವ್ಯಾಕರಣ, ಅಲಂಕಾರಗಳನ್ನು ಪಾಠ ಹೇಳುವ ಪಂಡಿತನಿಗೆ ಈ ಗೊಡವೆಯೇಕೆಂದು ಕೆಲವರು ಕೇಳಿಯಾರು. ತಂತ್ರಾಂಶವೂ ಮೂಲತಃ ಒಂದು ಬರಹವೇ. ಅದಕ್ಕೂ ಕರ್ತೃವುಂಟು, ಪಾಠವುಂಟು, ಪಾಠಾಂತರಗಳುಂಟು. ಸ್ಖಾಲಿತ್ಯಗಳುಂಟು, ಅವನ್ನು ತಿದ್ದುವ ಸಂಪಾದಕರೂ ಉಂಟು. ಗ್ರಂಥಸಂಪಾದನೆಯ ಬೆಳಕಿನಲ್ಲಿ ನೋಡಿದರೆ ಈ ವಿಷಯವು ನಮಗೆ ಅಷ್ಟೇನೂ ಅಪರಿಚಿತವೆನಿಸದು.

ಮುಕ್ತವೆಂದರೇನು?

ತಂತ್ರಾಂಶವನ್ನು ರಚಿಸುವವರು ಮೊದಲು ಅದನ್ನು ಮನುಷ್ಯರು ಓದಬಲ್ಲ ಸಂಕೇತಭಾಷೆಯಲ್ಲಿ ಬರೆಯುತ್ತಾರೆ. ಇದಕ್ಕೆ ಸೋರ್ಸ್ ಕೋಡ್ ಎಂದು ಹೆಸರು; ನಾವು ಮೂಲಪಾಠವೆನ್ನೋಣ. ಬಳಿಕ ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ಪರಿವರ್ತಿಸಲಾಗುತ್ತದೆ. ಮಾರಾಟದ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಕೊಂಡವನಿಗೆ ಸಿಕ್ಕುವುದು ಈ ಎರಡನೆಯ ರೂಪ ಮಾತ್ರ. ಮೂಲಪಾಠವನ್ನೂ ಕೊಟ್ಟು, ಅದನ್ನು ಓದುವ, ತಿದ್ದುವ, ಪ್ರತಿಮಾಡಿ ಹಂಚುವ ಅಧಿಕಾರವನ್ನೂ ಎಲ್ಲರಿಗೆ ಕೊಟ್ಟರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿ ಈ ಚಳವಳಿಗೆ ನಾಂದಿಯನ್ನಿಟ್ಟರು. ಇದಕ್ಕೆ ಓಪನ್ ಸೋರ್ಸ್ ಎಂಬ ಹೆಸರು ರೂಢಿಗೆ ಬಂದದ್ದು 1998ರಲ್ಲಿ.

ಮುಕ್ತವೆಂಬುದಕ್ಕೂ ಪುಕ್ಕಟೆಯೆಂಬುದಕ್ಕೂ ಅರ್ಥಭೇದವುಂಟು. ಓದುವ ಮತ್ತು ತಿದ್ದುವ ಅಧಿಕಾರವು ಮುಕ್ತತೆಯ ಲಕ್ಷಣ. ಬೆಲೆಯಿಲ್ಲದಿರುವುದು ಅದರಿಂದ ಹಲವು ವೇಳೆ ಒದಗುವ ಫಲ. ವರ್ತಕನ ಕಣ್ಣಿಗೆ ಮೊದಲು ಬೀಳುವುದು ಈ ಫಲವೇ. ಆದರೆ ಪ್ರಚಲಿತ ಮುಕ್ತ ಪರವಾನಗಿಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ವಸ್ತುವು ಇದ್ದಂತೆ ಇದೆ, ಇದರಿಂದ ನಷ್ಟವಾದರೆ ಕರ್ತೃಗಳು ಹೊಣೆಯಲ್ಲ ಎಂಬರ್ಥದ ಮಾತದು. ದಾನವಾಗಿ ಬಂದ ಆಕಳಿನ ಹಲ್ಲನ್ನು ಎಣಿಸಬಾರದೆಂಬ ಗಾದೆಯುಂಟು. ಕೊಟ್ಟವನ ಮನಸ್ಸನ್ನು ನೋಯಿಸಬಾರದೆಂಬುದಕ್ಕೆ ಆ ಗಾದೆ ಒಪ್ಪುತ್ತದೆ. ಆದರೆ ಅದೇ ಮನೆಯ ಹೋರಿಯನ್ನು ತುಂಬಿದ ಗಾಡಿಗೆ ಹೂಡಬೇಕಾದಾಗ ರೈತನು ಅದರ ಬಾಯಿ ತೆರೆಸಿ ಹಲ್ಲು ನೋಡಿಯೇ ನೋಡುತ್ತಾನೆ. ಹಾಲುಹಲ್ಲಿನ ಕರುವಿನ ಹೆಗಲಿಗೆ ನೊಗ ಇಡುವುದು ಕರುವಿಗೂ ಕೇಡು, ಗಾಡಿಗೂ ಕೇಡು.

ಪಾಕದ ವಿಚಾರ

ನಮ್ಮ ಆಲಂಕಾರಿಕರಲ್ಲಿ ಪಾಕವೆಂಬ ಪರಿಭಾಷೆಯುಂಟು. ಒಂದು ಪದವನ್ನು ತೆಗೆದು ಅದರ ಸ್ಥಾನದಲ್ಲಿ ಮತ್ತೊಂದನ್ನು ಇಡಲು ಬಾರದಂತಹ ಸ್ಥಿರತೆ ಪದಗಳಿಗೆ ಬಂದಾಗ ಶಬ್ದಪಾಕವಾಯಿತೆಂಬುದು ವಾಮನನ ಕಾವ್ಯಾಲಂಕಾರಸೂತ್ರವೃತ್ತಿಯಲ್ಲಿ ಬರುವ ವಿಚಾರ. ಕವಿಯ ಮನಸ್ಸು ಅತ್ತಿತ್ತ ತೂಗಾಡುತ್ತಿರುವವರೆಗೆ ಪದಗಳು ಬಂದುಹೋಗುತ್ತಿರುತ್ತವೆ. ಅಲ್ಲಿಯವರೆಗೆ ಕಾವ್ಯವು ಹಸಿ.

ತಂತ್ರಾಂಶಕ್ಕೂ ಈ ಲಕ್ಷಣವು ಆಶ್ಚರ್ಯಕರವಾಗಿ ಹೊಂದುತ್ತದೆ. ತಂತ್ರಾಂಶದ ಪ್ರತಿಯೊಂದು ಆವೃತ್ತಿಗೂ ಒಂದು ಅಂಕೆಯನ್ನು ಕೊಡುವ ಪದ್ಧತಿಯಿದೆ. ಇವುಗಳಲ್ಲಿ ಬಹಳ ಕಡೆ ಅಂಗೀಕೃತವಾಗಿರುವ ಒಂದು ನಿಯಮದ ಪ್ರಕಾರ, ಸೊನ್ನೆಯಿಂದ ಮೊದಲಾಗುವ ಆವೃತ್ತಿಗಳು, ಎಂದರೆ 0.1, 0.6 ಮೊದಲಾದವು, ಆರಂಭದೆಸೆಯವು; ಅವುಗಳಲ್ಲಿ ಯಾವುದು ಬೇಕಾದರೂ ಯಾವಾಗ ಬೇಕಾದರೂ ಬದಲಾಗಬಹುದು. 1.0 ಎಂಬ ಅಂಕೆಯನ್ನು ಇಟ್ಟೊಡನೆ, ಹೊರಗಿನವರು ನೆಚ್ಚಿಕೊಂಡಿರುವ ಭಾಗಗಳನ್ನು ಸೂಚನೆಯಿಲ್ಲದೆ ಕದಲಿಸುವುದಿಲ್ಲವೆಂದು ಕರ್ತೃಗಳು ಮಾತು ಕೊಟ್ಟಂತಾಗುತ್ತದೆ. ಒಬ್ಬ ವರ್ತಕನು 0.6ರ ಮೇಲೆ ತನ್ನ ಬಿಲ್ಲು, ದಾಸ್ತಾನು, ತೆರಿಗೆ ಲೆಕ್ಕಗಳನ್ನೆಲ್ಲ ಕಟ್ಟಿದನೆನ್ನಿ. 0.7 ಬಂದಾಗ ಒಳಗಿನ ಏರ್ಪಾಡು ಬದಲಾದರೆ, ಅವನು ಕಟ್ಟಿದ್ದನ್ನೆಲ್ಲ ಮತ್ತೆ ಹೊಂದಿಸಿಕೊಳ್ಳಬೇಕು. ಹೊಂದಿಸಿಕೊಳ್ಳದೆ ಹಳೆಯದರಲ್ಲಿಯೇ ನಿಂತರೆ, ಹೊಸದರಲ್ಲಿ ತಿದ್ದಿದ ದೋಷಗಳು ಅವನ ಅಂಗಡಿಯಲ್ಲಿ ಹಾಗೆಯೇ ಉಳಿಯುತ್ತವೆ. ಇಲ್ಲಿ ಕರ್ತೃಗಳ ತಪ್ಪೇನೂ ಇಲ್ಲ. ಇದು ಇನ್ನೂ ಹಸಿಯೆಂದು ಅವರು ಆ ಸೊನ್ನೆಯಲ್ಲಿಯೇ ಹೇಳಿದ್ದಾರೆ.

ನೆಟ್‌ಸ್ಕೇಪಿನ ದೃಷ್ಟಾಂತ

ಈ ವಿಷಯಕ್ಕೆ ನೆಟ್‌ಸ್ಕೇಪ್ ಎಂಬ ಅಮೆರಿಕದ ಕಂಪನಿಯ ಚರಿತ್ರೆಗಿಂತ ಬೋಧಪ್ರದವಾದ ದೃಷ್ಟಾಂತವು ದುರ್ಲಭ. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾದ ಈ ಕಂಪನಿಯು ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್ ಎಂಬ ತಂತ್ರಾಂಶದಿಂದ ಅಲ್ಪಕಾಲದಲ್ಲಿಯೇ ಜಗತ್ಪ್ರಸಿದ್ಧವಾಯಿತು. ಮೈಕ್ರೋಸಾಫ್ಟ್ ಕಂಪನಿಯು 1995ರಲ್ಲಿ ತನ್ನದೇ ಬ್ರೌಸರನ್ನು ಹೊರತಂದು, ಮುಂದೆ ಅದನ್ನು ವಿಂಡೋಸಿನ ಜೊತೆಯಲ್ಲಿಯೇ ಬೆಲೆಯಿಲ್ಲದೆ ಕೊಡತೊಡಗಿದಾಗ ನೆಟ್‌ಸ್ಕೇಪಿನ ಆದಾಯಕ್ಕೆ ಬಲವಾದ ಪೆಟ್ಟು ಬಿದ್ದಿತು. ಆಗ ಕಂಪನಿಯು ಅಪೂರ್ವವಾದ ಸಾಹಸವೊಂದನ್ನು ಕೈಗೊಂಡಿತು. ತನ್ನ ಬ್ರೌಸರಿನ ಮೂಲಪಾಠವನ್ನು ಲೋಕಕ್ಕೆಲ್ಲ ತೆರೆದಿಡುವೆನೆಂದು 1998ರ ಜನವರಿಯಲ್ಲಿ ಸಾರಿ, ಅದೇ ವರ್ಷದ ಮಾರ್ಚ್ 31ರಂದು ತೆರೆದಿಟ್ಟಿತು. ಈ ಮುಕ್ತ ಯೋಜನೆಗೆ ಮೋಜಿಲ್ಲಾ ಎಂದು ಹೆಸರಾಯಿತು.

ಲೋಕದ ಪ್ರವೀಣರೆಲ್ಲ ಕೂಡಿ ತಿದ್ದಿದರೆ ಬ್ರೌಸರ್ ಬಹುಬೇಗ ಉತ್ತಮವಾಗುವುದೆಂಬುದು ಆಗಿನ ನಿರೀಕ್ಷೆ. ತೆರೆದು ನೋಡಿದಾಗ ಹಳೆಯ ಪಾಠವು ತಿದ್ದುಪಾಟಿಗೆ ಸುಲಭವಾಗಿರಲಿಲ್ಲ. ಅವಸರದಲ್ಲಿ ಒಂದರ ಮೇಲೊಂದು ಹೇರಿದ ಬರವಣಿಗೆ ಅಲ್ಲಿತ್ತು. 1998ರ ಅಕ್ಟೋಬರ್ ಹೊತ್ತಿಗೆ, ಪುಟವನ್ನು ಚಿತ್ರಿಸುವ ಮುಖ್ಯಭಾಗವನ್ನು ಬಿಟ್ಟು ಹೊಸದೊಂದನ್ನು ಆಧಾರವಾಗಿಟ್ಟುಕೊಳ್ಳಬೇಕೆಂದು ನಿಶ್ಚಯವಾಯಿತು. ಶಾಸ್ತ್ರದೃಷ್ಟಿಯಿಂದ ಇದು ಯುಕ್ತವಾದ ನಿರ್ಣಯವೇ. ಆದರೆ ವ್ಯವಹಾರವು ಕಾಯಲಾರದು. ಕಂಪನಿಯ 4ನೆಯ ಆವೃತ್ತಿಯು ಬಂದದ್ದು 1997ರಲ್ಲಿ. 5ನೆಯದು ಹೊರಬರಲೇ ಇಲ್ಲ. ಈ ನಡುವೆ 1999ರಲ್ಲಿ ಕಂಪನಿಯು ಅಮೆರಿಕ ಆನ್‌ಲೈನ್ ಸಂಸ್ಥೆಯ ಪಾಲಾಯಿತು. ಕೊನೆಗೆ 2000ದ ನವೆಂಬರಿನಲ್ಲಿ ನೆಟ್‌ಸ್ಕೇಪ್ 6 ಎಂಬ ಆವೃತ್ತಿಯನ್ನು ಹೊರಡಿಸಲಾಯಿತು. ಹೊರಗೆ 6 ಎಂಬ ಅಂಕೆಯಿದ್ದರೂ ಅದರೊಳಗಿದ್ದ ಮೋಜಿಲ್ಲಾ ಇನ್ನೂ 0.6ರ ಹಂತದಲ್ಲಿತ್ತು. ಕರ್ತೃಗಳು ಹಸಿಯೆಂದು ಗುರುತಿಸಿದ್ದನ್ನು ಮಾರುವವರು ಹಣ್ಣೆಂದು ಬುಟ್ಟಿಗಿಟ್ಟಂತಾಯಿತು. ತೆರೆಯಲು ನಿಧಾನ, ಯಂತ್ರದ ಸ್ಮರಣಶಕ್ತಿಯ ಮೇಲೆ ವಿಪರೀತ ಭಾರ, ನಡುವೆಯೇ ಕುಸಿದುಬೀಳುವ ಸ್ವಭಾವ ಇವುಗಳಿಂದ ಬೇಸತ್ತು ನಿಷ್ಠಾವಂತ ಬಳಕೆದಾರರೂ ದೂರ ಸರಿದರು.

ಮೋಜಿಲ್ಲಾ 1.0 ಸಿದ್ಧವಾದದ್ದು 2002ರ ಜೂನ್ 5ರಂದು. ಅದನ್ನು ಆಧರಿಸಿದ ನೆಟ್‌ಸ್ಕೇಪ್ 7 ಅದೇ ವರ್ಷ ಬಂದಿತು, ಗುಣದಲ್ಲಿಯೂ ಮೇಲಾಗಿತ್ತು. ಅಷ್ಟರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿದ ಬಳಕೆದಾರರು ಮೈಕ್ರೋಸಾಫ್ಟಿನ ಬ್ರೌಸರಿಗೆ ಒಗ್ಗಿಹೋಗಿದ್ದರು. 2003ರ ಜುಲೈಯಲ್ಲಿ ನೆಟ್‌ಸ್ಕೇಪಿನ ಕೆಲಸಗಾರರ ತಂಡವು ವಿಸರ್ಜಿತವಾಯಿತು. ಅದೇ ತಿಂಗಳು ಮೋಜಿಲ್ಲಾ ಯೋಜನೆಯು ಸ್ವತಂತ್ರ ಪ್ರತಿಷ್ಠಾನವಾಯಿತು. ಆ ಪ್ರತಿಷ್ಠಾನದಿಂದ 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಹೊರಟು ಕೋಟ್ಯಂತರ ಜನರ ಮೆಚ್ಚಿಕೆಯನ್ನು ಗಳಿಸಿತು. ಇಂದು ಅದು ಕನ್ನಡದಲ್ಲಿಯೂ ದೊರೆಯುತ್ತದೆ.

ನೆಟ್‌ಸ್ಕೇಪಿನ ಅವನತಿಗೆ ಅಪಕ್ವ ತಂತ್ರಾಂಶವೊಂದೇ ಕಾರಣವೆಂದರೆ ಅನ್ಯಾಯವಾದೀತು. ಪ್ರಬಲ ಪ್ರತಿಸ್ಪರ್ಧಿಯ ಒತ್ತಡವು ಅದಕ್ಕೆ ಮೊದಲೇ ಇತ್ತು. ಆದರೂ ಈ ಚರಿತ್ರೆಯಲ್ಲಿ ಒಂದು ತತ್ತ್ವವು ಸ್ಪಷ್ಟವಾಗಿದೆ. ಮುಕ್ತ ತಂತ್ರಾಂಶವು ಬಲಿಯುವುದಕ್ಕೆ ತನ್ನದೇ ಕಾಲವನ್ನು ತೆಗೆದುಕೊಳ್ಳುತ್ತದೆ; ವ್ಯವಹಾರದ ಕಾಲವೇ ಬೇರೆ. ಸಾಲದ ಕಂತು, ಸಂಬಳದ ದಿನ, ಗಿರಾಕಿಯ ತಾಳ್ಮೆ ಇವು ತಂತ್ರಾಂಶದ ಪಾಕವನ್ನು ಕಾದು ನಿಲ್ಲುವುದಿಲ್ಲ. ಮೋಜಿಲ್ಲಾದ ಹಣ್ಣು ಕೊನೆಗೂ ಹಣ್ಣಾಯಿತು. ಗಿಡ ನೆಟ್ಟ ಕಂಪನಿಯು ಅದನ್ನು ತಿನ್ನಲು ಉಳಿದಿರಲಿಲ್ಲ.

ತೆರೆದ ಗ್ರಂಥ, ಓದದ ಪುಟ

ಹಾಗಾದರೆ 1.0 ಎಂಬ ಅಂಕೆಯನ್ನು ನೋಡಿದೊಡನೆ ನಿಶ್ಚಿಂತರಾಗಬಹುದೇ? ಅದೂ ಸಲ್ಲದು. ವಯಸ್ಸಾದ ತಂತ್ರಾಂಶವೂ ಆರೈಕೆಯಿಲ್ಲದೆ ಹೋದರೆ ಅಪಕ್ವದಂತೆಯೇ ಅಪಾಯಕಾರಿಯಾಗಬಲ್ಲುದು. ಓಪನ್‌ಎಸ್‌ಎಸ್‌ಎಲ್ ಎಂಬುದು 1998ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ. ಎರಡು ಗಣಕಗಳ ನಡುವಿನ ಸಂದೇಶವನ್ನು ಮೂರನೆಯವರಿಗೆ ತಿಳಿಯದ ಗುಪ್ತಲಿಪಿಗೆ ತಿರುಗಿಸುವುದು ಅದರ ಕೆಲಸ. 2012ರ ಮಾರ್ಚಿಯಲ್ಲಿ ಬಂದ ಅದರ 1.0.1 ಆವೃತ್ತಿಯಲ್ಲಿ ಒಂದು ಸಣ್ಣ ಪ್ರಮಾದವು ಉಳಿದುಹೋಗಿತ್ತು. ಒಂದು ಗಣಕವು ಮತ್ತೊಂದಕ್ಕೆ ಒಂದು ಪದವನ್ನು ಕಳುಹಿಸಿ, ಅದರ ಉದ್ದವನ್ನೂ ತಿಳಿಸಿ, ಅದನ್ನೇ ಮರಳಿ ಕಳುಹಿಸೆಂದು ಕೇಳುವ ಏರ್ಪಾಡು ಅದರಲ್ಲಿತ್ತು. ಹೇಳಿದ ಉದ್ದವೂ ನಿಜವಾದ ಉದ್ದವೂ ಒಂದೇ ಎಂಬುದನ್ನು ಪರೀಕ್ಷಿಸುವ ವಾಕ್ಯವನ್ನು ಬರೆಯಲಾಗಿರಲಿಲ್ಲ. ಎರಡಕ್ಷರದ ಪದವನ್ನು ಕೊಟ್ಟು ಇದು ಸಾವಿರಾರು ಅಕ್ಷರಗಳದ್ದೆಂದು ಸುಳ್ಳು ಹೇಳಿದರೆ, ಎದುರಿನ ಗಣಕವು ತನ್ನ ಸ್ಮೃತಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ಸೇರಿಸಿ ಒಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ಒಪ್ಪಿಸಿಬಿಡುತ್ತಿತ್ತು. ಹಾಗೆ ಒಪ್ಪಿಸಿದುದರಲ್ಲಿ ಗುಪ್ತಪದಗಳೂ ಇರಬಹುದಾಗಿತ್ತು.

ಮೂಲಪಾಠವು ಲೋಕಕ್ಕೆಲ್ಲ ತೆರೆದಿದ್ದರೂ ಈ ದೋಷವು ಬಹಿರಂಗವಾದದ್ದು 2014ರ ಏಪ್ರಿಲ್ 7ರಂದು, ಎಂದರೆ ಎರಡು ವರ್ಷಗಳ ಮೇಲೆ. ಹಾರ್ಟ್‌ಬ್ಲೀಡ್ ಎಂಬ ಹೆಸರಿನಿಂದ ಇದು ಕುಖ್ಯಾತವಾಯಿತು. ಇದರ ಮೂಲಕ ಕೆನಡಾ ದೇಶದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಗುರುತಿನ ಸಂಖ್ಯೆಗಳು ಕಳವಾದವು. ಆಗಲೇ ಜನರಿಗೆ ಮತ್ತೊಂದು ಸಂಗತಿಯೂ ತಿಳಿಯಿತು. ಜಗತ್ತಿನಲ್ಲಿ ಬಹುಮಂದಿ ನೆಚ್ಚಿದ್ದ ಈ ತಂತ್ರಾಂಶಕ್ಕೆ ಪೂರ್ಣಕಾಲ ದುಡಿಯುತ್ತಿದ್ದವನು ಒಬ್ಬನೇ. ದೇಣಿಗೆಯಾಗಿ ಬರುತ್ತಿದ್ದುದು ವರ್ಷಕ್ಕೆ ಸುಮಾರು 2,000 ಡಾಲರುಗಳು.

ತಾಳೆಯೋಲೆಯ ಕಟ್ಟು ಎಲ್ಲರಿಗೂ ತೆರೆದಿದೆಯೆಂದ ಮಾತ್ರಕ್ಕೆ ಅದರ ಪಾಠವು ಶುದ್ಧವೆಂದು ಯಾವ ಸಂಪಾದಕನೂ ಹೇಳುವುದಿಲ್ಲ. ಪ್ರತಿಗಳನ್ನು ಕೂಡಿಹಾಕಿ, ಅಕ್ಷರಕ್ಕೆ ಅಕ್ಷರ ಹೋಲಿಸಿ, ಯಾರಾದರೂ ಕುಳಿತು ಓದಿದಾಗಲೇ ಸ್ಖಾಲಿತ್ಯಗಳು ಗೋಚರಿಸುತ್ತವೆ. ಓದಬಹುದಾದ ಸ್ಥಿತಿ ಒಂದು, ಓದಿದ ಸ್ಥಿತಿ ಮತ್ತೊಂದು. ಮುಕ್ತತೆಯು ಪರಿಶೋಧನೆಗೆ ಬಾಗಿಲನ್ನು ತೆರೆಯುತ್ತದೆ. ಒಳಹೊಕ್ಕು ದುಡಿಯುವವರು ಬೇಕೇ ಬೇಕು.

ಪಕ್ವಗೊಳಿಸುವ ದುಡಿಮೆ

ಇದರಿಂದ ಮುಕ್ತ ತಂತ್ರಾಂಶವನ್ನೇ ದೂರವಿಡಬೇಕೆಂದು ತಿಳಿಯಬಾರದು. ಮಾರಾಟದ ತಂತ್ರಾಂಶದಲ್ಲಿಯೂ ಹಸಿಯಾದುವು ಬೇಕಾದಷ್ಟಿವೆ. ಅಲ್ಲಿ ಮೂಲಪಾಠವು ಮುಚ್ಚಿರುವುದರಿಂದ ಹಸಿತನವು ಮೊದಲಿಗೆ ಕಾಣುವುದಿಲ್ಲ, ಕಂಪನಿಯು ಮುಳುಗಿದರೆ ಪಾಠವೂ ಅದರೊಡನೆ ಮುಳುಗಬಹುದು. ನೆಟ್‌ಸ್ಕೇಪ್ ಹೋದರೂ ಅದರ ಬರಹದ ಸಂತತಿಯು ಫೈರ್‌ಫಾಕ್ಸಿನಲ್ಲಿ ಉಳಿದದ್ದು ಮುಕ್ತತೆಯ ಮಹಿಮೆಯೇ ಸರಿ.

ಹಸಿಯಾಗಿ ಹುಟ್ಟಿ ಜಗತ್ತನ್ನೇ ಹೊರುವಷ್ಟು ಬಲಿತದ್ದಕ್ಕೆ ಲಿನಕ್ಸ್ ಉದಾಹರಣೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಬರೆದು 0.01 ಎಂಬ ಅಂಕೆಯಿಂದ ಅದನ್ನು ಹಂಚಿದರು. 1.0 ಎಂಬ ಅಂಕೆಯನ್ನು ಇಟ್ಟದ್ದು 1994ರ ಮಾರ್ಚಿಯಲ್ಲಿ. 1993ರಲ್ಲಿ ಆರಂಭವಾದ ರೆಡ್ ಹ್ಯಾಟ್ ಎಂಬ ಕಂಪನಿಯು ಇದರ ಮೇಲೆ ವ್ಯಾಪಾರವನ್ನು ಕಟ್ಟಿದ ರೀತಿಯು ಗಮನಾರ್ಹ. 2003ರಿಂದ ಅದು ಎರಡು ಧಾರೆಗಳನ್ನು ಬೇರೆಮಾಡಿತು. ಫೆಡೋರಾ ಎಂಬ ಧಾರೆಯು ಸುಮಾರು ಆರು ತಿಂಗಳಿಗೊಮ್ಮೆ ಹೊಸದಾಗಿ ಬರುತ್ತದೆ. ಹೊಸ ಪ್ರಯೋಗಗಳೆಲ್ಲ ಮೊದಲು ಅಲ್ಲಿ. ಅಲ್ಲಿ ಪಳಗಿದುದನ್ನು ಆಯ್ದು, ಪರೀಕ್ಷಿಸಿ, ಉದ್ಯಮಗಳಿಗಾಗಿ ಮತ್ತೊಂದು ಧಾರೆಯಲ್ಲಿ ಕೊಟ್ಟು ಹತ್ತು ವರ್ಷಗಳವರೆಗೆ ದೋಷಗಳನ್ನು ತಿದ್ದಿಕೊಡುವ ಹೊಣೆಯನ್ನು ಕಂಪನಿಯು ಹೊರುತ್ತದೆ. ಗಿರಾಕಿಯು ಹಣ ಕೊಡುವುದು ಈ ಹೊಣೆಗೆ. ಇದೇ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 3,400 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಮೂಲಪಾಠವು ಎಲ್ಲರಿಗೂ ಮುಕ್ತವಾಗಿದ್ದ ವಸ್ತುವಿನಲ್ಲಿ ಇಷ್ಟು ಬೆಲೆ ಬಂದದ್ದು ಅದನ್ನು ಪಕ್ವಗೊಳಿಸಿ ಕಾಪಾಡುವ ದುಡಿಮೆಯಿಂದ.

ವರ್ತಕನು ಕೇಳಬೇಕಾದ ಪ್ರಶ್ನೆಗಳು

ಮೇಲಿನ ದೃಷ್ಟಾಂತಗಳಿಂದ, ತಂತ್ರಾಂಶಶಾಸ್ತ್ರವನ್ನು ಕಲಿಯದವನೂ ಕೇಳಬಹುದಾದ ಕೆಲವು ಪ್ರಶ್ನೆಗಳು ಹೊರಡುತ್ತವೆ.

ಮೊದಲನೆಯದು, ಕರ್ತೃಗಳು ತಾವೇ ಏನು ಹೇಳಿದ್ದಾರೆ? ಆವೃತ್ತಿಯ ಅಂಕೆ ಸೊನ್ನೆಯಿಂದ ಮೊದಲಾಗಿದೆಯೇ, ಪ್ರಯೋಗಾವಸ್ಥೆಯೆಂದು ಬರೆದಿದ್ದಾರೆಯೇ ಎಂಬುದನ್ನು ನೋಡಬೇಕು. ಎರಡನೆಯದು, ಆರೈಕೆ ಮಾಡುವವರು ಎಷ್ಟು ಮಂದಿ? ಒಬ್ಬನೇ ಆಗಿದ್ದರೆ, ಅವನು ಕಾಯಿಲೆ ಬಿದ್ದ ದಿನ ತಮ್ಮ ಅಂಗಡಿಯ ಗತಿಯೇನೆಂದು ಯೋಚಿಸಬೇಕು. ಕೊನೆಯ ತಿದ್ದುಪಡಿ ಬಂದು ಎಷ್ಟು ಕಾಲವಾಯಿತು, ಬಳಕೆದಾರರು ಹೇಳಿದ ದೋಷಗಳಿಗೆ ಉತ್ತರ ಬರುತ್ತಿದೆಯೇ ಎಂಬುದು ಮುಕ್ತ ಯೋಜನೆಗಳಲ್ಲಿ ಸಾಮಾನ್ಯವಾಗಿ ಬಹಿರಂಗವಾಗಿಯೇ ಇರುತ್ತದೆ. ಮೂರನೆಯದು, ಹೊಸ ಆವೃತ್ತಿ ಬಂದಾಗ ಹಳೆಯ ಲೆಕ್ಕಗಳು ಕೆಡದೆ ಅದರೊಳಕ್ಕೆ ಹೋಗುತ್ತವೆಯೇ? ನಾಲ್ಕನೆಯದು, ಬೇಡವಾದಾಗ ನಮ್ಮ ಲೆಕ್ಕವನ್ನೆಲ್ಲ ಬೇರೆ ತಂತ್ರಾಂಶವೂ ಓದಬಲ್ಲ ಸರಳರೂಪದಲ್ಲಿ ಹೊರತೆಗೆಯಬಹುದೇ? ಒಳಹೋಗುವ ದಾರಿಗಿಂತ ಹೊರಬರುವ ದಾರಿಯನ್ನು ಮೊದಲು ನೋಡಿಕೊಳ್ಳುವುದು ಜಾಣತನ. ಐದನೆಯದು, ತೊಡಕು ಬಂದಾಗ ಮೂಲಪಾಠವನ್ನು ಓದಿ ಸರಿಪಡಿಸಬಲ್ಲವರು ನಮ್ಮ ಕೈಗೆ ಎಟಕುವಂತಿದ್ದಾರೆಯೇ? ಓದಬಲ್ಲವನು ಹತ್ತಿರದಲ್ಲಿಲ್ಲದಿದ್ದರೆ ಓದುವ ಅಧಿಕಾರದಿಂದ ವರ್ತಕನಿಗೆ ಪ್ರಯೋಜನವು ಅತ್ಯಲ್ಪ.

ಉತ್ತರಗಳು ಪೂರ್ಣ ಸಮಾಧಾನಕರವಾಗಿರದಿದ್ದರೂ ಬಳಸಲೇಬೇಕೆನಿಸಿದರೆ, ಭಾರವನ್ನು ಹಂತಹಂತವಾಗಿ ಹೊರಿಸಬೇಕು. ಕೆಟ್ಟರೆ ತಡೆದುಕೊಳ್ಳಬಹುದಾದ ಸಣ್ಣ ಕೆಲಸವನ್ನು ಮೊದಲು ಒಪ್ಪಿಸಿ ನೋಡುವುದು, ಒಂದು ಲೆಕ್ಕದ ವರ್ಷ ಮುಗಿಯುವವರೆಗೆ ಹಳೆಯ ಪದ್ಧತಿಯನ್ನೂ ಜೊತೆಯಲ್ಲಿ ನಡೆಸಿ ಎರಡರ ಶಿಲ್ಕನ್ನು ತಾಳೆನೋಡುವುದು, ಲೆಕ್ಕಗಳ ಪ್ರತಿಯನ್ನು ಬೇರೆಡೆ ತೆಗೆದಿಡುವುದು ಅವಶ್ಯ. ತೆಗೆದಿಟ್ಟ ಪ್ರತಿಯಿಂದ ಎಲ್ಲವನ್ನೂ ಮರಳಿ ಕಟ್ಟಲು ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸುವುದನ್ನೂ ಮರೆಯಬಾರದು.

ಮತ್ತೊಂದು ಎಚ್ಚರಿಕೆಯೂ ಬೇಕು. ಮುಕ್ತವೆಂಬ ಹುರುಪಿನಲ್ಲಿ ತಮ್ಮ ಅನುಕೂಲಕ್ಕೆ ಮೂಲಪಾಠವನ್ನು ತಿದ್ದಿಕೊಂಡು ಸುಮ್ಮನಿದ್ದರೆ, ಆ ಪ್ರತಿಯು ಒಂಟಿ ಪಾಠಾಂತರವಾಗುತ್ತದೆ. ಮುಂದಿನ ಪ್ರತಿಯೊಂದು ಆವೃತ್ತಿಗೂ ಅದೇ ತಿದ್ದುಪಾಟನ್ನು ಹೊಸದಾಗಿ ಮಾಡಬೇಕು. ಓಲೆಯ ಅಂಚಿನಲ್ಲಿ ಗೀಚಿದ ಒಳ್ಳೆಯ ಪಾಠವು ಸಂಪಾದಕನ ಕೈಗೆ ಮುಟ್ಟದಿದ್ದರೆ ಅಚ್ಚಾದ ಗ್ರಂಥದಲ್ಲಿ ಸೇರುವುದೆಂತು? ತಿದ್ದಿದುದನ್ನು ಮೂಲ ಕರ್ತೃಗಳಿಗೆ ಒಪ್ಪಿಸಿದರೆ, ಅವರು ಅದನ್ನು ಅಂಗೀಕರಿಸಿದ ಮೇಲೆ ಅದರ ಆರೈಕೆಯು ಎಲ್ಲರದಾಗುತ್ತದೆ.

ಉಪಸಂಹಾರ

ಹಸಿಯಾಗಿರುವುದು ತಂತ್ರಾಂಶದ ದೋಷವಲ್ಲ. ಹುಟ್ಟಿದುದೆಲ್ಲವೂ ಮೊದಲು ಹಸಿಯೇ. ವರ್ತಕನು ತನ್ನ ಕಾಲವನ್ನೂ ತಂತ್ರಾಂಶದ ಕಾಲವನ್ನೂ ಸರಿತೂಗಿಸಿಕೊಳ್ಳಬೇಕು. ಅದಕ್ಕೆ ಮೂರು ದಾರಿಗಳುಂಟು: ಬಲಿಯುವವರೆಗೆ ಕಾಯುವುದು, ಹೊರಿಸುವ ಭಾರವನ್ನು ಕಡಿಮೆಮಾಡುವುದು, ಬಲಿಸುವ ಕೆಲಸದಲ್ಲಿ ತಾನೂ ಪಾಲುಗೊಳ್ಳುವುದು. ಮೂರನೆಯದಕ್ಕೆ ದೊಡ್ಡ ಬಂಡವಾಳವೇ ಬೇಕೆಂದಿಲ್ಲ. ಕಂಡ ದೋಷವನ್ನು ಕ್ರಮವಾಗಿ ಬರೆದು ತಿಳಿಸುವುದು, ಬಳಕೆಯ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವುದು, ಉಳಿಸಿದ ಹಣದಲ್ಲಿ ಒಂದಂಶವನ್ನು ಆರೈಕೆ ಮಾಡುವವರಿಗೆ ಕಳುಹಿಸುವುದು ಇವೆಲ್ಲವೂ ಆ ಕೆಲಸವೇ. ಹಾರ್ಟ್‌ಬ್ಲೀಡಿನ ಬಳಿಕ ಜಗತ್ತಿನ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ನಿಧಿಯೊಂದನ್ನು ಕೂಡಿಸಿದವು. ನಷ್ಟದ ಮೇಲೆ ಬಂದ ಆ ವಿವೇಕವು ನಮಗೆ ಮೊದಲೇ ಬರಬಹುದು. ಗಣಕವಿದ್ಯೆಯನ್ನು ಕಲಿತು ಹೊರಡುತ್ತಿರುವ ನಮ್ಮ ಕಿರಿಯ ವಿದ್ಯಾರ್ಥಿಗಳೂ, ವ್ಯವಹಾರವನ್ನು ಬಲ್ಲ ನಮ್ಮ ಹಿರಿಯ ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ಒಬ್ಬರಿಗೊಬ್ಬರು ಒದಗಿಬರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.